ಒಂಟಿ ತಾಯಿಯ ಸ್ವಾವಲಂಬನೆ: ಸಾಲಕ್ಕಿಂತ ಮೊದಲು ಬೇಕಾದದ್ದು

ಕಾವೇರಿ ತೀರದ ರಾಮನಾಥಪುರವೆಂದರೆ ಹಾಸನ ಜಿಲ್ಲೆಯವರಿಗೆ ನೆನಪಾಗುವುದು ರಾಮೇಶ್ವರ ದೇಗುಲ, ಸುಬ್ರಹ್ಮಣ್ಯಸ್ವಾಮಿಯ ಷಷ್ಠಿ ಜಾತ್ರೆ ಹಾಗೂ ತಂಬಾಕು ಹರಾಜು ಮಾರುಕಟ್ಟೆ. ಅರಕಲಗೂಡು ತಾಲ್ಲೂಕಿನ ಈ ಭಾಗದಲ್ಲಿ ಕೂಲಿ ನಂಬಿದ ಅನೇಕ ಕುಟುಂಬಗಳ ದುಡಿಮೆ ತಂಬಾಕಿನ ಹಂಗಾಮಿನೊಂದಿಗೆ ತಳಕು ಹಾಕಿಕೊಂಡಿದೆ. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ಹದಗೊಂಡ ಸೊಪ್ಪನ್ನು ವಿಂಗಡಿಸುವುದು, ಇವೆಲ್ಲದರಲ್ಲೂ ಹೆಣ್ಣಾಳುಗಳ ಪಾಲು ದೊಡ್ಡದು. ಹಂಗಾಮು ಮುಗಿದರೆ ಕೂಲಿ ವಿರಳ. ಇಬ್ಬರು ದುಡಿಯುವ ಮನೆ ಹೇಗೋ ಸುಧಾರಿಸಿಕೊಳ್ಳುತ್ತದೆ. ಗಂಡನನ್ನು ಕಳೆದುಕೊಂಡ ಅಥವಾ ಗಂಡ ಬಿಟ್ಟುಹೋದ ತಾಯಿಯ ಒಲೆ ಮಾತ್ರ ಸಾಲದಿಂದಲೇ ಉರಿಯಬೇಕಾಗುತ್ತದೆ.

ಇಂಥವರಿಗೆ ನೆರವಾಗಲು ಯೋಜನೆಗಳಿಗೇನೂ ಕೊರತೆಯಿಲ್ಲ. ಆದರೆ ಅವು ಫಲ ನೀಡಬೇಕಾದರೆ ಒಂದು ಕ್ರಮ ಅಗತ್ಯ.

ಮೊದಲು ದಾಖಲೆ

2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಸಲ್ಲುವುದು ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ನಮೂದಾದ ಮಹಿಳೆಗೆ. ಗಂಡ ಬಿಟ್ಟುಹೋದವಳ ಹೆಸರು ಅತ್ತೆಯ ಚೀಟಿಯಲ್ಲೇ ಉಳಿದಿದ್ದರೆ ಹಣ ಅತ್ತೆಯ ಖಾತೆಗೆ ಹೋಗುತ್ತದೆ. ಗಂಡ ಬದುಕಿರುವುದರಿಂದ ವಿಧವಾ ವೇತನವೂ ಇಲ್ಲ, ಕಾನೂನಿನಂತೆ ವಿಚ್ಛೇದನವಾಗದೆ ವಿಚ್ಛೇದಿತೆಯೆಂಬ ದಾಖಲೆಯೂ ಇಲ್ಲ. ಹೀಗಾಗಿ ಪ್ರತ್ಯೇಕ ಪಡಿತರ ಚೀಟಿ ಮತ್ತು ಸ್ವಂತ ಬ್ಯಾಂಕ್ ಖಾತೆಯೇ ಮೊದಲ ಮೆಟ್ಟಿಲು. ಜೀವನಾಂಶ ಕೋರಿ ನ್ಯಾಯಾಲಯಕ್ಕೆ ಹೋಗಬೇಕಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಅನ್ವಯ ಮಹಿಳೆಯರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಈ ವಿಷಯ ಅಗತ್ಯವಿರುವವರಿಗೇ ತಿಳಿದಿರುವುದಿಲ್ಲ ಎಂಬುದು ವಿಷಾದದ ಸಂಗತಿ.

ಬಳಿಕ ಕಸುಬು

1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ, ಊಟ ವಸತಿ ಸಹಿತ ಉಚಿತ ತರಬೇತಿಯ ಮಾದರಿಯನ್ನು ನಾಡಿಗೆ ನೀಡಿತು. ಇದೇ ಮಾದರಿಯಲ್ಲಿ ದೇಶದಾದ್ಯಂತ ಜಿಲ್ಲೆಗೊಂದರಂತೆ ಆರ್‌ಸೆಟಿ ಕೇಂದ್ರಗಳು ರೂಪುಗೊಂಡವು. ಹೊಲಿಗೆ, ಹೈನುಗಾರಿಕೆ ಮುಂತಾದ ಕಸುಬುಗಳು ಹಂಗಾಮಿನ ಹಂಗಿಲ್ಲದೆ ವರ್ಷವಿಡೀ ಆದಾಯ ತರಬಲ್ಲವು. ಆದರೆ ಮಗುವನ್ನು ಯಾರ ಬಳಿ ಬಿಟ್ಟು ತರಬೇತಿಗೆ ಹೋಗುವುದು ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಚಿತ ತರಬೇತಿಯೂ ಕೈಗೆಟುಕದು. ನೆರೆಹೊರೆಯವರು ಹಾಗೂ ಸ್ತ್ರೀಶಕ್ತಿ ಗುಂಪಿನ ಸದಸ್ಯೆಯರು ನಿಜವಾಗಿ ಹೆಗಲು ಕೊಡಬಹುದಾದದ್ದು ಇಲ್ಲಿಯೇ.

ಕೊನೆಗೆ ಸಾಲ

2000-01ರಲ್ಲಿ ಜಾರಿಗೆ ಬಂದ ಸ್ತ್ರೀಶಕ್ತಿ ಯೋಜನೆಯಡಿ 15ರಿಂದ 20 ಮಹಿಳೆಯರು ಒಂದುಗೂಡಿ ಉಳಿತಾಯ ಮಾಡಿ, ಆ ಹಣದಿಂದಲೇ ಪರಸ್ಪರ ಸಾಲ ಪಡೆಯುತ್ತಾರೆ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಸಹಾಯಧನವೂ ಸೇರಿರುತ್ತದೆ. ಇದಕ್ಕೆ ಬದಲಾಗಿ ಸುಲಭವಾಗಿ ಸಿಗುವ ಕಿರುಸಾಲಕ್ಕೆ ಕೈಯೊಡ್ಡಿದರೆ ಅಪಾಯ ಬೇರೆಯದು. ಕಂತು ವಾರ ವಾರ ಕಟ್ಟಬೇಕು, ಕೂಲಿಯೋ ಹಂಗಾಮಿಗೊಮ್ಮೆ. ಒಂದು ಕಂತು ತೀರಿಸಲು ಮತ್ತೊಂದು ಸಾಲ ಅನಿವಾರ್ಯವಾಗುತ್ತದೆ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 10 ವರ್ಷಗಳವರೆಗೆ ಜೈಲು ಹಾಗೂ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಕಾನೂನು ಕಿರುಕುಳವನ್ನು ತಡೆಯಬಲ್ಲದು, ಆದಾಯವನ್ನು ತಂದುಕೊಡಲಾರದು.

ಆದ್ದರಿಂದ ನೆರವಾಗಬಯಸುವವರು ಹೊಲಿಗೆ ಯಂತ್ರ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಮೊದಲು ಆ ತಾಯಿಯೊಂದಿಗೆ ಒಮ್ಮೆ ತಾಲ್ಲೂಕು ಕಚೇರಿಗೆ ಹೋಗಿಬರುವುದು ಲೇಸು. ಚೀಟಿಯಲ್ಲಿ ಆಕೆಯ ಹೆಸರು, ಖಾತೆಯಲ್ಲಿ ನಾಲ್ಕು ಕಾಸು, ಕೈಯಲ್ಲೊಂದು ಕಸುಬು ಇದ್ದರೆ ಉಳಿದ ದಾರಿಯನ್ನು ಆಕೆಯೇ ಸವೆಸಬಲ್ಲಳು.