ಯುದ್ಧದಲ್ಲಿ ಗೆದ್ದ ತಾಯಿ ಯಾರು?

ಸಹೋದರಿಯರೇ, ಮುಂಡಗೋಡದ ಟಿಬೆಟ್ ಕಾಲೊನಿಯನ್ನು ನೀವು ನೋಡಿರಬಹುದು. ತಾಯ್ನಾಡು ತೊರೆದು ಬಂದವರಿಗಾಗಿ 1966ರಲ್ಲಿ ಎದ್ದು ನಿಂತ ಊರದು. ಸೇನೆಗಳು ಮರಳಿದರೂ ಮನೆ ಕಳೆದುಕೊಂಡ ತಾಯಂದಿರ ನೋವು ಮುಗಿಯುವುದಿಲ್ಲ ಎಂಬುದಕ್ಕೆ ಉತ್ತರ ಕನ್ನಡದಲ್ಲೇ ಇರುವ ಸಾಕ್ಷಿ.

ಈ ನೋವನ್ನು ಕನ್ನಡದಲ್ಲಿ ಬರೆದವರು 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್. ಅವರ ‘ಯುದ್ಧ’ ಕತೆಯಲ್ಲಿ ಗಾಯಗೊಂಡ ವೈದ್ಯ ರಾಹಿಲ ಗಡಿಯಾಚೆಯ ಮುದುಕಿಯೊಬ್ಬಳ ಮನೆ ಸೇರುತ್ತಾನೆ. ಒಳಗೆ ಸೊಸೆಗೆ ಹೆರಿಗೆ ನೋವು. ತನ್ನ ನೋವು ಮರೆತು ಅವನು ನೆರವಾಗುತ್ತಾನೆ. ಆದರೆ ಮಗು ಉಳಿಯುವುದಿಲ್ಲ. ಹೇಳಿ, ಇಲ್ಲಿ ಶತ್ರು ಯಾರು?

ರಾಜ್ಯದ ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಈ ಕತೆ ಪಾಠವಾಗಿತ್ತು. 2022ರ ಪಠ್ಯ ಪರಿಷ್ಕರಣೆಯಲ್ಲಿ ಅದನ್ನು ಕೈಬಿಡಲಾಯಿತು. 2023ರ ಜನವರಿ 10ರಂದು ಸಾರಾ ಮಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ಜೂನ್‌ನಲ್ಲಿ ಪಾಠವನ್ನು ಮರಳಿ ಸೇರಿಸಲು ಸರಕಾರ ತೀರ್ಮಾನಿಸಿತು. ಅದನ್ನು ಕಾಣಲು ಅವರಿರಲಿಲ್ಲ.

ರಾಜಕೀಯವೆಂದರೆ ಓಟು, ಭಾಷಣ ಮಾತ್ರವೆಂದು ನಾವು ಭಾವಿಸುತ್ತೇವೆ. ಮಕ್ಕಳು ಏನು ಓದಬೇಕು, ಯಾರನ್ನು ದ್ವೇಷಿಸಬಾರದು ಎಂಬುದೂ ರಾಜಕೀಯವೇ. ಅಡುಗೆಮನೆ, ಬಾಣಂತಿ ಕೋಣೆಯ ಕಡೆಯಿಂದ ಯುದ್ಧವನ್ನು ನೋಡಿದ ಲೇಖಕಿ ಆ ಚರ್ಚೆಯ ನಡುವೆಯೇ ನಿಂತರು.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡದ ತಾಯಂದಿರೇ, ನಿಮ್ಮ ಮಕ್ಕಳ ಚೀಲದಲ್ಲಿರುವ ಪುಸ್ತಕಗಳನ್ನೊಮ್ಮೆ ತೆರೆದು ನೋಡಿ. ಮಗು ಉರ್ದು ಶಾಲೆಯಲ್ಲಿ ಓದುತ್ತಿದ್ದರೆ ಈ ಕತೆಯನ್ನು ನೀವೇ ಓದಿ ಹೇಳಿ. ಯುದ್ಧದ ಸುದ್ದಿ ಟಿವಿಯಲ್ಲಿ ಬಂದಾಗ ‘ಯಾರು ಗೆದ್ದರು?’ ಎಂದು ಮಗು ಕೇಳುತ್ತದೆ. ‘ಯಾರ ಮನೆ ಬರಿದಾಯಿತು?’ ಎಂದು ಕೇಳಲು ಕಲಿಸಬೇಕಾದವರು ನಾವು.