ನೊಂದವರ ಪರವಾಗಿ ಒಂದು ಕಚೇರಿ

ಯಾವುದೇ ಜಿಲ್ಲಾ ನ್ಯಾಯಾಲಯದ ಆವರಣಕ್ಕೆ ಹೋದರೂ ‘ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಲೋಕ ಅದಾಲತ್ ನಡೆಸುವ, ಚೆಕ್ ಬೌನ್ಸ್ ಮತ್ತು ಅಪಘಾತದ ಕೇಸುಗಳನ್ನು ರಾಜಿ ಮಾಡಿಸುವ ಕಚೇರಿ ಎಂದು ಹಲವರು ಅದನ್ನು ಬಲ್ಲರು. ಆದರೆ ಕೊಲೆಯಾದವನ ಹೆಂಡತಿ ಮಕ್ಕಳು, ಆಸಿಡ್ ದಾಳಿಗೆ ತುತ್ತಾದವರು, ಅತ್ಯಾಚಾರಕ್ಕೆ ಒಳಗಾದವರು, ಹಲ್ಲೆಯಲ್ಲಿ ಕೈಕಾಲು ಕಳೆದುಕೊಂಡವರು ಅರ್ಜಿ ಹಿಡಿದು ಬರಬೇಕಾದದ್ದೂ ಇಲ್ಲಿಗೇ. ಈ ಸಂಗತಿ ಅವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಅವರ ಹಕ್ಕು ಕಾಗದದಲ್ಲೇ ಉಳಿಯುವುದಕ್ಕೆ ಇದೇ ಮೊದಲ ಕಾರಣ.

ಸಾಕ್ಷಿಯಷ್ಟೇ ಅಲ್ಲ

ನಮ್ಮಲ್ಲಿ ಕ್ರಿಮಿನಲ್ ಕೇಸು ನಡೆಯುವುದು ಸರ್ಕಾರಕ್ಕೂ ಆರೋಪಿಗೂ ನಡುವೆ. ಏಟು ತಿಂದವರು ಅಲ್ಲಿ ಫಿರ್ಯಾದಿ ಅಥವಾ ಒಂದನೇ ಸಾಕ್ಷಿ. ಸಮನ್ಸ್ ಬಂದ ದಿನ ಹೋಗಿ ಸಾಕ್ಷಿ ಹೇಳಿ ಬಂದರೆ ಅವರ ಪಾತ್ರ ಮುಗಿಯಿತು ಎಂಬಂತಿತ್ತು. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ಸಂತ್ರಸ್ತ’ರಿಗೆ ಒಂದು ಸ್ಥಾನ ಕೊಟ್ಟಿತು. ಪರಿಹಾರ ಕೇಳುವ ಹಕ್ಕು, ಆರೋಪಿ ಖುಲಾಸೆಯಾದರೆ ಮೇಲ್ಮನವಿ ಹಾಕುವ ಹಕ್ಕು ಎರಡೂ ಆಗ ಬಂದವು.

ಮೇಲ್ಮನವಿಯ ಹಕ್ಕಿಗೆ ಗಟ್ಟಿ ಅರ್ಥ ಸಿಕ್ಕಿದ್ದು ಕರ್ನಾಟಕದ ಒಂದು ಕೇಸಿನಿಂದ. 2009ರ ಫೆಬ್ರುವರಿಯಲ್ಲಿ ಒಬ್ಬರ ಮೇಲೆ ಹಲ್ಲೆ ನಡೆಯಿತು. 2013ರಲ್ಲಿ ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಹಲ್ಲೆ ನಡೆದದ್ದು ತಿದ್ದುಪಡಿಗೆ ಮುಂಚೆ, ಆದ್ದರಿಂದ ಮೇಲ್ಮನವಿ ನಿಲ್ಲದು ಎಂದಿತು ಹೈಕೋರ್ಟ್. 2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಬಹುಮತದ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. ಲೆಕ್ಕಕ್ಕೆ ಬರುವುದು ಖುಲಾಸೆಯ ದಿನ, ಮೇಲ್ಮನವಿ ಹಾಕಲು ಸಂತ್ರಸ್ತರು ಮೊದಲು ಅನುಮತಿ ಕೇಳಬೇಕಾಗಿಲ್ಲ ಎಂದು ನ್ಯಾಯಮೂರ್ತಿ ಮದನ್ ಲೋಕೂರ್ ಬರೆದರು. ತೀರ್ಪು ಬರುವ ಹೊತ್ತಿಗೆ ಹಲ್ಲೆಗೊಳಗಾದ ವ್ಯಕ್ತಿ ತೀರಿಕೊಂಡಿದ್ದರು. ವಾರಸುದಾರರು ಹೋರಾಟ ಮುಂದುವರಿಸಿ ಗೆದ್ದ ಹಕ್ಕು ಇಂದು ಇಡೀ ದೇಶದ ಸಂತ್ರಸ್ತರದ್ದಾಗಿದೆ.

ಕಚೇರಿಯ ಒಳಗೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಯಾದದ್ದು 1995ರ ನವೆಂಬರ್ 9ರಂದು. ಅದರಡಿ ರಾಷ್ಟ್ರಮಟ್ಟದಲ್ಲಿ ‘ನಾಲ್ಸಾ’, ಬೆಂಗಳೂರಿನ ನ್ಯಾಯದೇಗುಲದಲ್ಲಿ ರಾಜ್ಯ ಪ್ರಾಧಿಕಾರ, ಪ್ರತಿ ಜಿಲ್ಲೆಯಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಸಮಿತಿಗಳು ಇವೆ. ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ದಿನದ ಕೆಲಸ ನೋಡಿಕೊಳ್ಳುವ ಸದಸ್ಯ ಕಾರ್ಯದರ್ಶಿಯೂ ನ್ಯಾಯಾಧೀಶರೇ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಮಾನವ ಸಾಗಣೆಗೆ ಬಲಿಯಾದವರು ಎಷ್ಟೇ ಆದಾಯವಿದ್ದರೂ ಇಲ್ಲಿ ಉಚಿತವಾಗಿ ವಕೀಲರನ್ನು ಪಡೆಯಬಹುದು. ಕೇಸು ನಡೆಸುವವರು ಸರ್ಕಾರಿ ಅಭಿಯೋಜಕರೇ ಆದರೂ, ಸಂತ್ರಸ್ತರ ವಕೀಲರು ನ್ಯಾಯಾಲಯದ ಅನುಮತಿ ಪಡೆದು ಅವರಿಗೆ ನೆರವಾಗಬಹುದು.

ಪರಿಹಾರ ಯಾರಿಗೆ, ಯಾವಾಗ?

ಶಿಕ್ಷೆಯಾದ ಮೇಲಷ್ಟೇ ಪರಿಹಾರ ಎಂಬ ನಂಬಿಕೆ ಊರೂರಲ್ಲೂ ಇದೆ. ಅದು ಸರಿಯಲ್ಲ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಪ್ರಕಾರ, ಆರೋಪಿ ಖುಲಾಸೆಯಾದರೂ ಸಂತ್ರಸ್ತರ ಪುನರ್ವಸತಿ ಅಗತ್ಯವೆಂದು ಕಂಡರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅಪರಾಧಿ ಯಾರೆಂದೇ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೆ ಸಂತ್ರಸ್ತರು ಅಥವಾ ಅವರ ಅವಲಂಬಿತರು ನೇರವಾಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ 2 ತಿಂಗಳೊಳಗೆ ವಿಚಾರಣೆ ಮುಗಿಸಬೇಕು.

ಹಣ ಬರುವುದು ಸರ್ಕಾರದ ನಿಧಿಯಿಂದ. ಕರ್ನಾಟಕದಲ್ಲಿ ಇದಕ್ಕಾಗಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ನಾಲ್ಸಾ 2018ರಲ್ಲಿ ಪ್ರತ್ಯೇಕ ಯೋಜನೆ ರೂಪಿಸಿತು. ಅದರಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ ಮತ್ತು ಜೀವಹಾನಿಗೆ 5ರಿಂದ 10 ಲಕ್ಷ, ಆಸಿಡ್ ದಾಳಿಯಲ್ಲಿ ಮುಖ ವಿರೂಪಗೊಂಡರೆ 7ರಿಂದ 8 ಲಕ್ಷ ರೂಪಾಯಿ ನಿಗದಿಯಾಗಿದೆ. ಚಿಕಿತ್ಸೆಗೆ, ಮನೆ ನಡೆಸುವುದಕ್ಕೆ ಕೂಡಲೇ ಹಣ ಬೇಕಾದರೆ ಮಧ್ಯಂತರ ಪರಿಹಾರ ಕೇಳಬಹುದು. ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ಕೊಡಬೇಕು, ಅದರಲ್ಲಿ 1 ಲಕ್ಷ 15 ದಿನಗಳೊಳಗೆ ಕೈಸೇರಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ.

ನಾಲ್ಸಾದ ಯೋಜನೆಯಲ್ಲಿ ಇನ್ನೊಂದು ಮುಖ್ಯ ಮಾತಿದೆ. ಇಂಥ ಅಪರಾಧದ ಎಫ್‌ಐಆರ್ ದಾಖಲಾದ ಕೂಡಲೇ ಅದರ ಪ್ರತಿಯನ್ನು ಪೊಲೀಸರು ಪ್ರಾಧಿಕಾರಕ್ಕೆ ಕಳಿಸಲೇಬೇಕು. ಯಾರೂ ಅರ್ಜಿ ಕೊಡದಿದ್ದರೂ ಪ್ರಾಧಿಕಾರ ತಾನಾಗಿಯೇ ಮಧ್ಯಂತರ ಪರಿಹಾರದ ಕೆಲಸ ಶುರು ಮಾಡಲಿ ಎಂಬುದು ಇದರ ಉದ್ದೇಶ. ಪ್ರತಿ ಠಾಣೆಯೂ ಇದೊಂದನ್ನು ಚಾಚೂ ತಪ್ಪದೆ ಪಾಲಿಸಿದರೆ ಸಂತ್ರಸ್ತರ ಅರ್ಧ ಅಲೆದಾಟ ತಪ್ಪುತ್ತದೆ.

ಠಾಣೆಯಲ್ಲಿ, ಆಸ್ಪತ್ರೆಯಲ್ಲಿ

ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಇದೇ ‘ಝೀರೋ ಎಫ್‌ಐಆರ್’. ಅದರ ಪ್ರತಿಯನ್ನು ಫಿರ್ಯಾದಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಬೇಕು. ದೂರು ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳಿಸಬಹುದು. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನಗಳೊಳಗೆ ತಿಳಿಸಬೇಕು. ಅತ್ಯಾಚಾರದ ಪ್ರಕರಣದಲ್ಲಿ ಸಂತ್ರಸ್ತೆಯ ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಬಯಸಿದ ಜಾಗದಲ್ಲಿ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಆಕೆಯ ಗುರುತು ಬಹಿರಂಗಪಡಿಸುವುದು ಅಪರಾಧ.

ಅತ್ಯಾಚಾರ ಮತ್ತು ಆಸಿಡ್ ದಾಳಿಯ ಸಂತ್ರಸ್ತರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ‘ಮೊದಲು ಪೊಲೀಸ್ ಕಂಪ್ಲೇಂಟ್ ಕೊಟ್ಟು ಬನ್ನಿ’ ಎಂದು ವಾಪಸು ಕಳಿಸುವಂತಿಲ್ಲ. ಚಿಕಿತ್ಸೆ ನಿರಾಕರಿಸಿದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ 1 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಜೊತೆಗೆ ನಿಲ್ಲುವವರು

ಹಣವೊಂದೇ ಸಾಲದು. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ‘ಸಖಿ’ ಕೇಂದ್ರಗಳಲ್ಲಿ ನೊಂದ ಹೆಣ್ಣುಮಕ್ಕಳಿಗೆ ವೈದ್ಯಕೀಯ ನೆರವು, ಆಪ್ತಸಮಾಲೋಚನೆ, ಕಾನೂನು ಸಲಹೆ, ಕೆಲವು ದಿನಗಳ ವಸತಿ ಒಂದೇ ಸೂರಿನಡಿ ಸಿಗುತ್ತವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ತನಿಖೆಯಿಂದ ವಿಚಾರಣೆಯವರೆಗೆ ಮಗುವಿನ ಜೊತೆಗಿರಲು ಒಬ್ಬ ನೆರವು ವ್ಯಕ್ತಿಯನ್ನು ನೇಮಿಸಲು ಪೋಕ್ಸೊ ನಿಯಮಗಳಲ್ಲಿ ಅವಕಾಶವಿದೆ. ಜಾತಿ ದೌರ್ಜನ್ಯಕ್ಕೊಳಗಾದವರಿಗೆ ಎಫ್‌ಐಆರ್ ಹಂತದಿಂದಲೇ ಕಂತುಗಳಲ್ಲಿ ಪರಿಹಾರ ಸಲ್ಲಬೇಕು. ಸಾಕ್ಷಿ ಹೇಳಿದರೆ ಮುಗಿಸುತ್ತೇವೆ ಎಂಬ ಬೆದರಿಕೆ ಇದ್ದರೆ, 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಟ್ಟು ರಕ್ಷಣೆ ಪಡೆಯಬಹುದು.

ಇಷ್ಟೆಲ್ಲ ಇದ್ದೂ, ಸಾವಿನ ಸೂತಕದಲ್ಲಿರುವ ಅಥವಾ ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತಿರುವ ಕುಟುಂಬ ತಾನಾಗಿಯೇ ಕಾಯ್ದೆ ಓದಿಕೊಂಡು ಬರಲಾರದು. ಹೇಳುವವರು ಬೇಕು. ನರ್ಸ್, ಆಶಾ ಕಾರ್ಯಕರ್ತೆ, ಶಿಕ್ಷಕರು, ಪಂಚಾಯಿತಿ ಸದಸ್ಯರು, ಪಕ್ಕದ ಮನೆಯವರು, ಯಾರಾದರೂ ಸರಿ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ದಾಖಲೆ, ಗಾಯದ ಪ್ರಮಾಣಪತ್ರ, ಖರ್ಚಿನ ಬಿಲ್ಲುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಆ ಕುಟುಂಬದವರಿಗೆ ಹೇಳಿ. ಸಾಧ್ಯವಾದರೆ ಒಂದು ದಿನ ಬಿಡುವು ಮಾಡಿಕೊಂಡು ಪ್ರಾಧಿಕಾರದ ಕಚೇರಿಯವರೆಗೆ ಜೊತೆಗೆ ಹೋಗಿ. ಅರ್ಜಿ ತಿರಸ್ಕೃತವಾದರೆ ರಾಜ್ಯ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು ಎಂಬುದನ್ನೂ ತಿಳಿಸಿ. ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ 181, ಮಕ್ಕಳಿಗೆ 1098, ಜಾತಿ ದೌರ್ಜನ್ಯಕ್ಕೆ 14566, ತುರ್ತು ಸಂದರ್ಭಕ್ಕೆ 112. ಈ ಸಂಖ್ಯೆಗಳನ್ನು ಇವತ್ತೇ ಬರೆದಿಟ್ಟುಕೊಳ್ಳಿ, ನಾಲ್ಕು ಜನರಿಗೆ ತಿಳಿಸಿ.