ನಿರುದ್ಯೋಗಿಯ ಹಣವೂ ಮನೆಯ ಲೆಕ್ಕವೂ

ಸಂಸ್ಕೃತದಲ್ಲಿ ಉದ್ಯೋಗವೆಂಬ ಶಬ್ದಕ್ಕೆ ಪ್ರಯತ್ನ, ಸನ್ನಾಹ ಎಂಬುದೇ ಮುಖ್ಯಾರ್ಥವು. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ದೊರೆಯುವುದಿಲ್ಲ. ಅಲ್ಲಿರುವುದು ಯುದ್ಧದ ಸಿದ್ಧತೆ. ಕನ್ನಡದಲ್ಲಿ ಆ ಶಬ್ದವು ಸಂಬಳದ ಕೆಲಸಕ್ಕೆ ರೂಢವಾದುದರಿಂದ, ಬೆಳಗಿನಿಂದ ಸಂಜೆಯವರೆಗೆ ಕೆಲಸವನ್ನರಸಿ ಅಲೆಯುವ ತರುಣನೂ ನಿರುದ್ಯೋಗಿಯೆನಿಸಿದನು. ಇದು ನಿಘಂಟಿನ ಮಾತಾಗಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಕೆಲಸವಿಲ್ಲದವನು ಪ್ರಯತ್ನವಿಲ್ಲದವನೆಂಬ ಸಂಶಯವು, ಸರಕಾರಗಳು ಅಂಥವರಿಗೆ ಹಣ ಕೊಡಲಾರಂಭಿಸಿದಂದಿನಿಂದಲೂ ಆ ಹಣದ ಬೆನ್ನುಹತ್ತಿಯೇ ಬಂದಿದೆ.

ಇಡೀ ದೇಶಕ್ಕೆ ಅನ್ವಯಿಸುವ ಕಡ್ಡಾಯವಾದ ನಿರುದ್ಯೋಗ ವಿಮೆಯನ್ನು ಮೊದಲು ಏರ್ಪಡಿಸಿದುದು ಬ್ರಿಟನ್ ದೇಶವು. ಅಲ್ಲಿಯ 1911ರ ಶಾಸನದಂತೆ ಕಟ್ಟಡ, ಹಡಗು, ಯಂತ್ರ ಮೊದಲಾದ ಕೆಲವು ಕಸುಬುಗಳ ಕಾರ್ಮಿಕನು ವಾರಕ್ಕೆ ಎರಡೂವರೆ ಪೆನ್ಸು ಕಟ್ಟುವನು. ಧಣಿಯೂ ಅಷ್ಟೇ ಕಟ್ಟುವನು. ಸರಕಾರವು ತನ್ನ ಪಾಲನ್ನು ಕೂಡಿಸುವುದು. ಕೆಲಸ ತಪ್ಪಿದಾಗ ವಾರಕ್ಕೆ 7 ಷಿಲಿಂಗು, ವರುಷಕ್ಕೆ 15 ವಾರಗಳವರೆಗೆ. ತಾನೇ ಕಟ್ಟಿದ ವಿಮೆಯಾದುದರಿಂದ ಕೈಯೊಡ್ಡಿದಂತಾಗುತ್ತಿರಲಿಲ್ಲ.

ಈ ಮರ್ಯಾದೆಯು ಬಹುಕಾಲ ಬಾಳಲಿಲ್ಲ. 1929ರ ಮಹಾಮುಗ್ಗಟ್ಟಿನ ತರುವಾಯ ಕೆಲಸವಿಲ್ಲದವರ ಸಂಖ್ಯೆಯು 30 ಲಕ್ಷದ ಸಮೀಪಕ್ಕೇರಿತು, ಬೊಕ್ಕಸವು ಬರಿದಾಯಿತು. 1931ರ ನವೆಂಬರಿನಿಂದ, ವಿಮೆಯ ಅವಧಿ ತೀರಿದವರಿಗೆ ಹಣ ಕೊಡುವ ಮೊದಲು ಇಡೀ ಕುಟುಂಬದ ಆದಾಯವನ್ನು ಪರೀಕ್ಷಿಸತಕ್ಕುದೆಂದು ವಿಧಿಸಿದರು. ಅಧಿಕಾರಿಯು ಮನೆಯೊಳಗೆ ಬಂದು, ಮಗನ ಕೂಲಿಯೆಷ್ಟು, ಮಗಳ ಗಳಿಕೆಯೆಷ್ಟು, ಉಳಿತಾಯವೆಷ್ಟು ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ತಂದೆಯ ಹಣವನ್ನು ಕತ್ತರಿಸುವನು.

ಮಗನು ತಂದೆಯನ್ನು ಸಾಕಿದರೆ ತಪ್ಪೇನೆಂದು ನಮ್ಮ ವಾಚಕರು ಕೇಳಬಹುದು. ಸಾಕುವುದರಲ್ಲಿ ತಪ್ಪಿಲ್ಲ. ಆದರೆ ಮಗನು ತಾನಾಗಿ ತಂದಿಡುವ ಅನ್ನವೇ ಬೇರೆ, ಅವನ ಕೂಲಿ ಒಂದು ಷಿಲಿಂಗು ಏರಿದೊಡನೆ ತಂದೆಯ ಹಣ ಇಳಿಯುವುದೇ ಬೇರೆ. ಗಳಿಸುವ ಮಕ್ಕಳು ಮನೆಬಿಟ್ಟು ಬಾಡಿಗೆಯ ಕೋಣೆಗಳನ್ನು ಹಿಡಿದರು. ಅವರು ಹೊರಗಿದ್ದರೇ ಒಳಗಿನವರಿಗೆ ಲಾಭವಾಗುತ್ತಿತ್ತು. ಕುಟುಂಬದ ಕರ್ತವ್ಯವನ್ನು ಎತ್ತಿಹಿಡಿಯಹೊರಟ ಕಟ್ಟಳೆಯೇ ಕುಟುಂಬವನ್ನು ಒಡೆಯಿತು. ಹಡಗುಕಟ್ಟೆ ಮುಚ್ಚಿಹೋದ ಜಾರೋ ಎಂಬ ಊರಿನಿಂದ 1936ರ ಅಕ್ಟೋಬರಿನಲ್ಲಿ 200 ಮಂದಿ ಲಂಡನ್ನಿನವರೆಗೆ ಕಾಲ್ನಡೆಯಲ್ಲಿ ಹೋದರು. ಅವರು ಒಯ್ದ ಮನವಿಪತ್ರವು ಬೇಡಿದುದು ಕೆಲಸವನ್ನು. ಸೋಮಾರಿಗಳು ಅಷ್ಟು ದೂರ ನಡೆಯುವರೇ?

ಕಡೆಗೆ 1941ರಲ್ಲಿ ಕುಟುಂಬದ ಲೆಕ್ಕವನ್ನು ಕೈಬಿಟ್ಟರು. ಮರುವರುಷ ಬೆವರಿಜ್ ಮಹಾಶಯರು ತಮ್ಮ ಪ್ರಖ್ಯಾತ ವರದಿಯಲ್ಲಿ, ವಿಮೆ ಕಟ್ಟಿದವನಿಗೆ ಆದಾಯ ಪರೀಕ್ಷೆಯಿಲ್ಲದೆ ಹಕ್ಕಿನಿಂದಲೇ ಹಣ ಸಲ್ಲಬೇಕೆಂದು ಸೂಚಿಸಿದರು. (ಇವರು 1879ರಲ್ಲಿ ಹುಟ್ಟಿದುದು ಬಂಗಾಳದ ರಂಗಪುರದಲ್ಲೆಂಬುದನ್ನು ಬಲ್ಲವರು ವಿರಳ.)

ಇನ್ನು ನಮ್ಮ ನಾಡಿನ ಮಾತು. ಕಾರ್ಮಿಕರ ರಾಜ್ಯ ವಿಮೆಗೆ ಸೇರಿದವರು ಕೆಲಸ ಕಳೆದುಕೊಂಡಾಗ ಅಲ್ಪಕಾಲ ಭತ್ಯೆ ಕೊಡುವ ಕೇಂದ್ರದ ಯೋಜನೆಯೊಂದು 2018ರಲ್ಲಿ ಬಂದಿತು. ಕರ್ನಾಟಕದ ಯುವನಿಧಿಯನ್ನು 2024ರ ಜನವರಿ 12ರಂದು ಶಿವಮೊಗ್ಗೆಯಲ್ಲಿ ಆರಂಭಿಸಿದರು. ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಹೆಚ್ಚೆಂದರೆ ಎರಡು ವರುಷ. ಇದು ವಿಮೆಯಲ್ಲ, ಇನ್ನೂ ದುಡಿಮೆಗೇ ಇಳಿಯದವರಿಗೆ ಕೊಡುವ ನೆರವು. ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಗೃಹಸ್ಥನಿಗೂ ಶಾಲೆ ಬಿಟ್ಟ ಕೂಲಿಯವನಿಗೂ ಇದರಲ್ಲಿ ಪಾಲಿಲ್ಲ. ಇದನ್ನು ನಾವು ದೊಡ್ಡ ಕೊರತೆಯೆಂದೇ ಎಣಿಸುವೆವು. ಒಂದು ವಿಷಯದಲ್ಲಿ ಮಾತ್ರ ಮೆಚ್ಚಬೇಕು: ಹಣವು ನೇರವಾಗಿ ಆ ತರುಣನ ಅಥವಾ ತರುಣಿಯ ಖಾತೆಗೇ ಸೇರುತ್ತದೆ.

ಅಧಿಕಾರಿಯು ಮಾಡದ ಲೆಕ್ಕವನ್ನು ನಮ್ಮ ಮನೆಗಳಲ್ಲಿ ಹಿರಿಯರೇ ಮಾಡುವುದನ್ನು ನಾವು ಕಂಡಿದ್ದೇವೆ. "ಸರಕಾರ ಕೊಡುತ್ತದಲ್ಲ, ಹಾಲಿನವನ ಬಾಕಿ ನೀನೇ ತೀರಿಸು" ಎನ್ನುವ ತಂದೆಯವರುಂಟು. ಮರುವಾರ ಪರೀಕ್ಷೆಯ ಶುಲ್ಕಕ್ಕೂ ಬೆಂಗಳೂರಿನ ಬಸ್ ಚಾರ್ಜಿಗೂ ಮಗನು ಅದೇ ತಂದೆಯ ಮುಂದೆ ನಿಲ್ಲಬೇಕಾಗುವುದು. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ತನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಓದನ್ನು ಮುಂದುವರಿಸುತ್ತಿಲ್ಲ ಎಂದು ಫಲಾನುಭವಿಯು ಕಾಲಕಾಲಕ್ಕೆ ಸ್ವಯಂಘೋಷಣೆ ಮಾಡತಕ್ಕುದು. ಮಾಡದಿದ್ದರೆ ಹಣ ನಿಲ್ಲುವುದು. ಅದಕ್ಕೆ ಬೇಕಾದ ಗುಪ್ತಸಂಖ್ಯೆಯು ಬರುವುದು ಫೋನಿಗೆ. ನಾವು ಬಲ್ಲ ಒಂದು ಮನೆಯಲ್ಲಿ ಆ ಫೋನು ಅಣ್ಣನ ಜೇಬಿನಲ್ಲಿರುತ್ತದೆ. ಅಣ್ಣನು ಸಂಜೆ ಏಳು ಗಂಟೆಯವರೆಗೆ ಅಂಗಡಿಯಲ್ಲಿರುತ್ತಾನೆ.